ಬೆಂಕಿಗೆ ಹಿಡಿಯಬಾರದ ತಮಟೆ

ಶನಿವಾರ, ಬೆಳಗಿನ ಐದೂಮುಕ್ಕಾಲು. ಶಿರಾ ಪೇಟೆಯ ಒಳಬೀದಿಯಲ್ಲಿ ಒಂದೇ ಒಂದು ಅಂಗಡಿಯ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಮುಜಾಮಿಲ್ ಷರೀಫ್ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾರೆ. ಬಟಾಣಿ ಗಾತ್ರದ ಟ್ರಾನ್ಸಿಸ್ಟರೊಂದನ್ನು ಬೋರ್ಡಿಗೆ ಸಿಕ್ಕಿಸುತ್ತಾರೆ, ಕೇಳುತ್ತಾರೆ, ಕಿತ್ತು ಡಬ್ಬಕ್ಕೆ ಹಾಕುತ್ತಾರೆ. ಮೂವತ್ತನಾಲ್ಕನೆಯದಕ್ಕೆ ಕೈ ನಿಲ್ಲುತ್ತದೆ. ಚಹಾ ತಂದ ಹೆಂಡತಿ ಗುಲ್ಷನ್ ಅವರ ಕಿವಿಗೆ ಹೆಡ್‌ಫೋನ್ ಇಡುತ್ತಾರೆ.

“ಕುಕ್ಕರ್ ಲೀಕ್ ಆದಂಗೈತೆ,” ಎನ್ನುತ್ತಾರೆ ಆಕೆ.

“ಹಾಂ, ಅದೇ ಬೇಕಾಗಿತ್ತು.”

ಮುಜಾಮಿಲ್‌ಗೆ ಐವತ್ನಾಲ್ಕು ವರ್ಷ. ಮೂವತ್ತೆರಡು ವರ್ಷದಿಂದ ಮೈಕ್ ಸೆಟ್ಟಿನವರ ಆಂಪ್ಲಿಫಯರ್ ರಿಪೇರಿ ಮಾಡುತ್ತಿದ್ದಾರೆ. ಮಧುಗಿರಿ, ಕೊರಟಗೆರೆ, ಪಾವಗಡದಿಂದ ದಿನಕ್ಕೆ ಐದಾರು ಪೆಟ್ಟಿಗೆ ಬರುತ್ತವೆ. ಪಾವಗಡದವರು ಫೋನಿನಲ್ಲೇ “ಅನ್ನಾ, ಅಯಿಂದಾ?”, ಆಯಿತಾ, ಎಂದು ತೆಲುಗಿನಲ್ಲಿ ಅವಸರ ಮಾಡುತ್ತಾರೆ. ಇಷ್ಟು ವರ್ಷ ಮುಜಾಮಿಲ್ ಮಾಡಿದ್ದು ಸುಯ್ ಎನ್ನುವ ಟ್ರಾನ್ಸಿಸ್ಟರನ್ನು ಹುಡುಕಿ ಕಿತ್ತೆಸೆಯುವ ಕೆಲಸ. ಈಗ ಅಂಥದ್ದನ್ನೇ ಆರಿಸಿ ಇಟ್ಟುಕೊಳ್ಳುತ್ತಿದ್ದಾರೆ. ಇನ್ನೂರು ಟ್ರಾನ್ಸಿಸ್ಟರಿನಲ್ಲಿ ಏಳೆಂಟು ಮಾತ್ರ ಸರಿಯಾಗಿ ಸುಯ್ಗುಡುತ್ತವೆ. ಪಕ್ಕದ ಹಿಟ್ಟಿನ ಗಿರಣಿ ಒಂಬತ್ತಕ್ಕೆ ಶುರುವಾದರೆ ಅದರ ಮೋಟರಿನ ಗುಂಯ್‌ಕಾರ ಹೆಡ್‌ಫೋನಿಗೂ ಇಳಿಯುತ್ತದೆ. ಆದ್ದರಿಂದ ಈ ಕೆಲಸ ನಸುಕಿನಲ್ಲೇ ಮುಗಿಯಬೇಕು.

ಮೇಜಿನ ಮೇಲೆ ತಗಡಿನ ಒಂದು ಪೆಟ್ಟಿಗೆ ಇದೆ. ಅದಕ್ಕೆ ತಂತಿಯಲ್ಲಿ ಜೋಡಿಸಿದ, ಪೆಟ್ಟನ್ನು ಗ್ರಹಿಸುವ ಎರಡು ಬಿಲ್ಲೆಗಳಿವೆ, ಮೇಲೆ ಸೈಕಲ್ ಟ್ಯೂಬಿನ ರಬ್ಬರ್ ಬಿಗಿದಿದೆ. ಬೆರಳಲ್ಲಿ ತಟ್ಟಿದರೆ ಪೆಟ್ಟಿಗೆಯಲ್ಲೇ ಇರುವ ಬ್ಯಾಟರಿ ಸ್ಪೀಕರಿನಲ್ಲಿ ತಮಟೆ ಬಾರಿಸಿದ ಸದ್ದು. ಒಳಗೆ ರೆಕಾರ್ಡ್ ಮಾಡಿಟ್ಟ ದನಿ ಇಲ್ಲ, ಕಂಪ್ಯೂಟರ್ ಚಿಪ್ಪೂ ಇಲ್ಲ. ಪೆಟ್ಟು ಬಿದ್ದಾಗ ಒಂದು ಸರ್ಕ್ಯೂಟ್ ಹಿತ್ತಾಳೆ ಪಾತ್ರೆಯಂತೆ ಝೇಂಕರಿಸಿ ಆರಿಹೋಗುತ್ತದೆ, ಅದು ದಪ್ಪ ಕೋಲಿನ ‘ದಮ್’. ಸುಯ್ ಸದ್ದನ್ನು ಚಿಟಿಕೆಯಷ್ಟು ಹೊತ್ತು ಬಿಟ್ಟು ಕತ್ತರಿಸಿದರೆ ಸಣ್ಣ ಕೋಲಿನ ‘ಚಟ್’.

ಇದರ ನಕ್ಷೆ ಮುಜಾಮಿಲ್ ಬರೆದದ್ದಲ್ಲ. ರೇಡಿಯೊ ರಿಪೇರಿ ಮಾಡುತ್ತಿದ್ದ ತಂದೆ ಅಹಮದ್ ಷರೀಫ್ ನಲವತ್ತು ವರ್ಷದ ಹಿಂದೆ ಯಾವುದೋ ಇಂಗ್ಲಿಷ್ ಪತ್ರಿಕೆಯಿಂದ ಹರಿದಿಟ್ಟುಕೊಂಡ ಎರಡು ಪುಟ ಅದು. “ಅಬ್ಬಾ ಇದ್ನ ಮಾಡ್ಲೇ ಇಲ್ಲ. ಶಿರಾದಾಗೆ ಆಗ ಪಾರ್ಟ್ಸ್ ಎಲ್ಲಿ ಸಿಗ್ತಿದ್ವು? ಈಗ ಪಾರ್ಟ್ಸ್ ಸಿಗ್ತವೆ, ನಕ್ಷೇಲಿರೋ ಎರಡು ಐಸಿ ಮಾಡೋದ್ನೇ ನಿಲ್ಸವ್ರೆ,” ಎಂದು ಮುಜಾಮಿಲ್ ನಗುತ್ತಾರೆ. ಆ ಎರಡರ ಕೆಲಸವನ್ನು ಬೇರೆ ಬಿಡಿಭಾಗಗಳಿಂದ ಮಾಡಿಸಲು ಹದಿನಾಲ್ಕು ತಿಂಗಳು ಹಿಡಿದಿದೆ. ನಾಲ್ಕು ಪೆಟ್ಟಿಗೆ ಕೆಟ್ಟಿವೆ. ಇದು ಐದನೆಯದು.

ಪೆಟ್ಟಿಗೆ ಐ.ಡಿ.ಹಳ್ಳಿಯ ಅಡವಯ್ಯನಿಗಾಗಿ. ಅರವತ್ತೊಂದರ ಅಡವಯ್ಯ ನಲವತ್ತು ವರ್ಷ ತಮಟೆ ಬಾರಿಸಿದವರು. ಎರಡು ವರ್ಷದ ಹಿಂದೆ ಬೈಕಿನಿಂದ ಬಿದ್ದ ಮೇಲೆ ಬಲಭುಜ ಎದೆಮಟ್ಟಕ್ಕಿಂತ ಮೇಲೇಳುವುದಿಲ್ಲ. ಬೆರಳು, ಮಣಿಕಟ್ಟು ಸರಿಯಾಗಿವೆ, ಬೀಸುವ ಬಲ ಇಲ್ಲ. ತಂಡವನ್ನು ಈಗ ನಡೆಸುತ್ತಿರುವವರು ಅಣ್ಣನ ಮಗ ರಂಗೇಶ್. ಭಾನುವಾರ ತೋವಿನಕೆರೆಯ ಮದುವೆಗೆ ಏಳು ಜನರ ತಂಡ ಹೋಗಬೇಕು. ಪೆಟ್ಟಿಗೆ ತಮಟೆಗಳ ಜೊತೆ ಹೊಂದಿದರೆ ಅಡವಯ್ಯ ಏಳನೆಯವರು. ಹೊಂದದಿದ್ದರೆ ರಂಗೇಶ್ ಆ ಜಾಗಕ್ಕೆ ಬೇರೆಯವರನ್ನು ಖಾಯಂ ಮಾಡಿಕೊಳ್ಳುತ್ತಾರೆ. ಆ ಮಾತು ಆಗಲೇ ಆಗಿದೆ.

ತಟ್ಟಿದರೆ ರೆಕಾರ್ಡ್ ಮಾಡಿಟ್ಟ ಸದ್ದು ಹೊರಡುವ ಪ್ಯಾಡುಗಳು ಅಂಗಡಿಯಲ್ಲೇ ಸಿಗುತ್ತವೆ. ಮುಜಾಮಿಲ್ ಒಂದನ್ನು ತರಿಸಿ ತೋರಿಸಿದ್ದರು. ಅಡವಯ್ಯ ಎರಡು ನಿಮಿಷ ತಟ್ಟಿ ಕೆಳಗಿಟ್ಟರಂತೆ. “ಇದ್ರಾಗೆ ಯಾವನೋ ಬಾರ್ಸಿ ಮಡಗವ್ನೆ ಸಾಬ್ರೆ. ಅವ್ನ ತಮಟೆ ನಾನ್ಯಾಕೆ ಬಾರ್ಸ್ಲಿ?”

ನಾಲ್ಕನೆಯ ಪೆಟ್ಟಿಗೆ ಚೆನ್ನಾಗಿಯೇ ಇತ್ತು. ಹೋದ ತಿಂಗಳು ಅಡವಯ್ಯ ಅದನ್ನು ಊರಿಗೆ ಒಯ್ದರು. ಬಾರಿಸುವ ಮುಂಚೆ ತಂಡದವರು ಎಂದಿನಂತೆ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸಲು ಕೂತರು. ಚರ್ಮ ಕಾದು ಬಿಗಿಯಾದರೇ ದನಿ ಏರುವುದು. ಅಡವಯ್ಯ ಪೆಟ್ಟಿಗೆಯನ್ನೂ ತಮಟೆಗಳ ಸಾಲಿನಲ್ಲಿಟ್ಟು ಬೆಂಕಿಗೆ ಹಿಡಿದರು. ಪ್ಲಾಸ್ಟಿಕ್ ತಿರುಪುಗಳು ಕರಗಿದವು, ಬೋರ್ಡು ಕಪ್ಪಾಯಿತು. ತಮಟೆ ಕಾದರೆ ದನಿ ಏರುತ್ತದೆ, ಈ ಪೆಟ್ಟಿಗೆ ಕಾದರೆ ಇಳಿಯುತ್ತದೆ. ಇಳಿದದ್ದನ್ನು ಏರಿಸಲು ಇನ್ನಷ್ಟು ಹತ್ತಿರ ಹಿಡಿದಿದ್ದರು.

“ಸುಟ್ಟ ಡಬ್ಬ ತಂದು ಮುಂದೆ ಮಡಗಿದ್ರು. ಸಿಟ್ಟು ಬಂತು, ಸುಳ್ಳ್ಯಾಕೆ? ‘ಏನಣ್ಣ, ಇದೇನ್ ಜೋಳದ ತೆನೆನಾ ಸುಡಕ್ಕೆ’ ಅಂದ್ಬುಟ್ಟೆ. ಅದಕ್ಕೆ ಅವ್ರು, ‘ಕಾಯಿಸ್ದೆ ಬಾರ್ಸೋದು ಹೆಂಗೆ ಸಾಬ್ರೆ’ ಅಂದ್ರು. ರಾತ್ರಿ ಯೋಚ್ನೆ ಮಾಡಿದ್ರೆ ಅವ್ರು ಕೇಳಿದ್ದೇ ಸರಿ,” ಎನ್ನುತ್ತಾರೆ ಮುಜಾಮಿಲ್.

ನಕ್ಷೆಯಲ್ಲಿ ದನಿಯ ಎತ್ತರ ಪೆಟ್ಟಿಗೆಯ ಒಳಗೇ ನಿಗದಿ. ಒಮ್ಮೆ ಕೂರಿಸಿದರೆ ಮುಗಿಯಿತು. ಆದರೆ ತಮಟೆ ಬಾರಿಸುತ್ತ ಹೋದಂತೆ ಸಡಿಲವಾಗುತ್ತದೆ, ಮತ್ತೆ ಕಾಯಿಸಿದರೆ ಏರುತ್ತದೆ. ಉಳಿದ ಆರು ತಮಟೆ ಏರಿಳಿಯುವಾಗ ಏಳನೆಯದು ಒಂದೇ ಕಡೆ ನಿಂತರೆ ಆಗದು. ಆದ್ದರಿಂದ ಐದನೆಯ ಪೆಟ್ಟಿಗೆಯ ಎಡಬದಿಗೆ, ನೆಟ್ಟಗಿರುವ ಕೈಗೆ ಸಿಗುವಂತೆ, ದೊಡ್ಡದೊಂದು ತಿರುಪು ಕೂರಿಸಿದ್ದಾರೆ. ಕೆಳಗೆ ಬಿಳಿ ಬಣ್ಣದಲ್ಲಿ ‘ಕಾವು’ ಎಂದು ಬರೆದಿದ್ದಾರೆ.

ಎಂಟೂವರೆಗೆ ಅಡವಯ್ಯ, ರಂಗೇಶ್ ಮಧುಗಿರಿಯಲ್ಲಿ ಬಸ್ಸು ಬದಲಿಸಿ ಬಂದಿಳಿಯುತ್ತಾರೆ. ರಂಗೇಶ್ ಹೆಗಲಲ್ಲಿ ತಮಟೆ. “ಚಿಕ್ಕಪ್ಪ, ಡಬ್ಬ ಬಾರ್ಸ್ತಾ ಮೆರವಣಿಗೇಲಿ ಬಂದ್ರೆ ಜನ ಇಡ್ಲಿ ಮಾರಕ್ ಬಂದವ್ನೆ ಅಂತಾರೆ.”

“ಮುಚ್ಕಂಡ್ ಬಾರ್ಸ್ಲಾ. ನಿನ್ ಕೈಗೆ ಕೋಲು ಕೊಟ್ಟೋನೇ ನಾನು.”

ಬೀದಿಯಲ್ಲೇ ಎರಡು ಪೇಪರ್ ಉರಿಸಿ ರಂಗೇಶ್ ತಮಟೆ ಕಾಯಿಸುತ್ತಾರೆ. ಅಡವಯ್ಯ ಪೆಟ್ಟಿಗೆಯನ್ನು ಬೆಂಕಿಯಿಂದ ದೂರಕ್ಕೆ ಜರುಗಿಸುತ್ತಾರೆ. ಗುಲ್ಷನ್ ಸೆರಗು ಬಾಯಿಗಿಟ್ಟು ನಗುತ್ತಾರೆ. ರಂಗೇಶ್ ಶುರು ಮಾಡುತ್ತಾರೆ, ಅಡವಯ್ಯ ಬೆರಳಲ್ಲೇ ಸೇರಿಕೊಳ್ಳುತ್ತಾರೆ. ಮೊದಲಿಗೆ ಎರಡೂ ಬೇರೆಬೇರೆ ಕೇಳಿಸುತ್ತವೆ. ಅಡವಯ್ಯನ ಎಡಗೈ ‘ಕಾವು’ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತದೆ, ಇನ್ನೊಂದಿಷ್ಟು. ರಂಗೇಶ್ ಬೇಕೆಂದೇ ಓಟ ಹೆಚ್ಚಿಸುತ್ತಾರೆ. ಚಿಕ್ಕಪ್ಪ ಅವರನ್ನು ಹಿಂದೆ ಹಾಕುತ್ತಾರೆ. ಗಿರಣಿಯ ಮುಂದೆ ರಾಗಿ ಚೀಲ ಇಳಿಸುತ್ತಿದ್ದವರು ತಿರುಗಿ ನೋಡುತ್ತಾರೆ.

ನಿಲ್ಲಿಸಿದ ಮೇಲೆ ರಂಗೇಶ್ ಬೆವರು ಒರೆಸಿಕೊಂಡು ಹೇಳುತ್ತಾರೆ: “ತಮಟೆ ಅಲ್ಲ ಬುಡಿ ಸಾಬ್ರೆ, ನನ್ ಕಿವೀಗ್ ಗೊತ್ತಾಯ್ತದೆ. ಆದ್ರೆ ಬಾರ್ಸಿದ್ದು ಚಿಕ್ಕಪ್ಪನೇ, ಅದೂ ಗೊತ್ತಾಯ್ತದೆ.” ಆಮೇಲೆ ಅಡವಯ್ಯನ ಕಡೆ ತಿರುಗಿ, “ನಾಳೆ ಬೆಳಿಗ್ಗೆ ಆರಕ್ಕೆ ವ್ಯಾನು. ಲೇಟ್ ಮಾಡ್ಬೇಡ,” ಎನ್ನುತ್ತಾರೆ.

ಅಡವಯ್ಯ ಪೆಟ್ಟಿಗೆಯನ್ನು ಟವಲಿನಲ್ಲಿ ಸುತ್ತಿ ಎಡಗಂಕುಳಲ್ಲಿ ಇಟ್ಟುಕೊಂಡು ಬಸ್ ನಿಲ್ದಾಣದ ಕಡೆ ನಡೆಯುತ್ತಾರೆ.

ಗಿರಣಿ ಶುರುವಾಗುತ್ತದೆ. ಮುಜಾಮಿಲ್ ಪಾವಗಡದ ಆಂಪ್ಲಿಫಯರ್ ಬಿಚ್ಚುತ್ತಾರೆ. ಭಾನುವಾರ ಅವರೂ ತೋವಿನಕೆರೆಗೆ ಹೋಗುವವರಿದ್ದಾರೆ, ಮೆರವಣಿಗೆಯ ಹಿಂದೆ ನಡೆಯಲು.

“ಡಬ್ಬ ಯಾರ್ ಮಾಡಿದ್ದು ಅಂತ ಅಲ್ಲಿ ಒಬ್ರೂ ಕೇಳ್ಬಾರ್ದು,” ಎನ್ನುತ್ತಾರೆ ಸ್ಕ್ರೂಡ್ರೈವರ್ ಹುಡುಕುತ್ತ. “ಅಡವಣ್ಣ ಚೆನ್ನಾಗಿ ಬಾರ್ಸ್ದ ಅನ್ಬೇಕು, ಅಷ್ಟೇ. ಅದ್ಕೇ ಪೆಟ್ಟಿಗೆ ಮೇಲೆ ನನ್ ಹೆಸ್ರು ಬರ್ದಿಲ್ಲ.”