ಆಯಿ ‘ಓ’ ಅಂದದ್ದು

ವಿಮಾನ ಕಂಡರೆ ಕೈ ಬೀಸದೆ ಇರಲಾಗದ ಒಂದು ವಯಸ್ಸು ನಮಗೆಲ್ಲ ಇತ್ತಲ್ಲ, ಆಗಿನ ಮಾತು. ಅರವತ್ತರ ದಶಕ. ಮರಾಠಿ ಗಡಿಯ ನಮ್ಮೂರು ಹಲಕರ್ಣಿಯ ಕಬ್ಬಿಗೆ ಆ ವರ್ಷ ಹುಳ ಬಿದ್ದಿತ್ತು. ಔಷಧಿ ಸಿಂಪಡಿಸಲು ಕೊಲ್ಲಾಪುರದ ಕಡೆಯಿಂದ ಪುಟ್ಟ ವಿಮಾನವೊಂದು ಬೆಳಿಗ್ಗೆ ಬರುತ್ತಿತ್ತು. ನಾವು ಕುಂಟಾಬಿಲ್ಲೆ ಬಿಟ್ಟು ಓಡುತ್ತಿದ್ದೆವು. ಆ ಔಷಧಿಯ ಘಾಟು ಅವ್ವ ಬಡಿದ ರೊಟ್ಟಿಗೂ ಹತ್ತಿದಂತಿರುತ್ತಿತ್ತು. ಒಳಗಿದ್ದ ಪೈಲಟ್ ತಿರುಗಿ ಕೈ ಬೀಸುತ್ತಿದ್ದ. ಅದು ನನಗೇ ಎಂದು ನಾನು, ತನಗೇ ಎಂದು ತಂಗಿ, ದಿನಾ ಜಗಳ.

ಒಂದು ಬೆಳಿಗ್ಗೆ ಅದರ ಸದ್ದು ತಡೆತಡೆದು ಬಂತು, ಆಮೇಲೆ ನಿಂತೇಹೋಯಿತು. ವಿಮಾನ ಮಾತ್ರ ನಿಲ್ಲಲಿಲ್ಲ. ತಲೆಯ ಮೇಲಿಂದ ಸುಮ್ಮನೆ ಜಾರಿಹೋಗಿ ನಮ್ಮ ಹೊಲದ ಬದುವಿಗೆ ಬಡಿಯಿತು. ಬಿತ್ತೋ, ಇಳಿಯಿತೋ ನಮಗೆ ತಿಳಿಯಲಿಲ್ಲ. ತಂಗಿ ಚಪ್ಪಾಳೆ ತಟ್ಟಿದಳು.

ನನ್ನ ಅಜ್ಜಿ ಅಲ್ಲೇ ಕಳೆ ತೆಗೆಯುತ್ತಿದ್ದಳು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಇಡೀ ಓಣಿಗೇ ಆಕೆ ಆಯಿ. ನಾವು ಮುಟ್ಟುವಷ್ಟರಲ್ಲಿ ಗಂಡಸರು ಪೈಲಟ್‌ನನ್ನು ಹೊರಗೆಳೆದು ಮಲಗಿಸಿದ್ದರು. ಚಿಗುರುಮೀಸೆಯ ಹುಡುಗ. ಕಣ್ಣು ಮುಚ್ಚಿಕೊಂಡೇ ‘ಆಯೀ... ಆಯೀ ಗ...’ ಎಂದು ನರಳಿದ.

‘ಓ, ಇಲ್ಲೇ ಅದೀನೋ ನನ್ನ ಕೂಸ,’ ಎಂದು ಆಯಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಜೀಪು ಬರುವವರೆಗೂ ಕರೆದಷ್ಟು ಸಲ ಓಗೊಟ್ಟಳು. ಗಡಹಿಂಗ್ಲಜದ ದವಾಖಾನೆ ಮುಟ್ಟುವ ಮೊದಲೇ ಅವನು ಹೋಗಿಬಿಟ್ಟ.

‘ಅವ್ವಾ, ಮರಾಠಿಯೊಳಗ ಆಯಿ ಅಂದ್ರ ತಾಯಿ. ಅಂವ ಕರದದ್ದು ನಿನ್ನನ್ನಲ್ಲ,’ ಎಂದು ಅಪ್ಪ ಆಯಿಗೆ ತಿಳಿಹೇಳಿದ.

‘ನನಗ ಗೊತ್ತಿಲ್ಲೇನು? ಆದರೂ ನನ್ನನ್ನ ಕರದಾನ.’

ಮರುದಿನ ಬಂದ ಮೆಕ್ಯಾನಿಕ್ ಎಂಜಿನ್ ಬಿಚ್ಚಿ, ಪೆಟ್ರೋಲ್ ಸೋಸುವ ಜಾಳಿಗೆ ತೆಗೆದ. ಕಪ್ಪು ರಾಡಿ ಕಟ್ಟಿಕೊಂಡಿತ್ತು. ‘ಸಾಫ್ ಕೇಲಂಚ್ ನಾಹೀ,’ ಎಂದ, ನೆಲ ನೋಡುತ್ತ. ಯಾರೂ ಅದನ್ನು ತೊಳೆದೇ ಇರಲಿಲ್ಲ.

‘ಚಾ ಸೋಸೂ ಜಾಳಗಿ ಸುದ್ದಾ ನಾವು ದಿನಾ ತೊಳೀತೇವಿ. ನಿಮಗೇನ ಧಾಡಿ ಆಗಿತ್ತು?’ ಎಂದು ಆಯಿ ಕಿರುಚಿದಳು. ಒಂದು ಹಿಡಿ ರಾಡಿಗೆ ವಿಮಾನ ಬೀಳುತ್ತದೆಯೇ? ನನಗೆ ಇವತ್ತಿಗೂ ಅದು ತಲೆಗೆ ಹತ್ತಿಲ್ಲ.

ಕೆಲವು ದಿನ ಬಿಟ್ಟು ಪುಣೆಯಿಂದ ಅವನ ತಾಯಿ ಬಂದರು. ಮಗ ಬಿದ್ದ ಜಾಗ ನೋಡಿದರು. ನಮ್ಮ ಪಡಸಾಲೆಯಲ್ಲಿ ಕೂತು, ಕೊಟ್ಟ ಚಹಾ ಮುಟ್ಟದೆ, ‘ಶೇವಟೀ ಕಾಹೀ ಬೋಲಲಾ ಕಾ?’ ಎಂದರು. ಕೊನೆಗೆ ಏನಾದರೂ ಅಂದನೇ ಎಂದು.

ನಾನು ಆಯಿಯ ಮುಖ ನೋಡಿದೆ. ಅವನು ತನ್ನನ್ನೇ ಕರೆದ ಎಂದು ಹೇಳಿಬಿಟ್ಟರೆ?

ಆಯಿ ಆಕೆಯ ಕೈ ಹಿಡಿದು ಮರಾಠಿ, ಕನ್ನಡ ಎರಡನ್ನೂ ಕಲಸಿ ಹೇಳಿದಳು. ‘ತುಲಾಚ ಹಾಕ ಮಾರಲೀ, ಬಾಯೀ. ನಿನ್ನನ್ನ ಕರದ. ನೀ ದೂರ ಇದ್ದಿ, ಅದಕ್ಕ ನಾ ಓ ಅಂದೆ.’

ಇಬ್ಬರೂ ಬಹಳ ಹೊತ್ತು ಅತ್ತರು. ಆ ತಾಯಿ ಹೋದ ಮೇಲೆ ನಾನು ಬಿಡಲಿಲ್ಲ. ‘ಯಾವುದು ಖರೇ, ಆಯಿ? ನಿನ್ನ ಕರದನೋ, ಆಕೀನ್ನೋ?’

‘ಎರಡೂ ಖರೇ. ಸುಮ್ಮ ಆಟಕ್ಕ ಹೋಗ.’

ಆಯಿ ತೀರಿಕೊಂಡು ಎಷ್ಟೋ ವರ್ಷವಾಯಿತು. ನಾನೀಗ ಇಚಲಕರಂಜಿಯಲ್ಲಿ ಮೊಮ್ಮಕ್ಕಳಿಗೆ ಆಯಿ. ಮೊನ್ನೆ ಬೀದಿಯಲ್ಲಿ ಯಾರದೋ ಹುಡುಗ ಸೈಕಲ್ಲಿನಿಂದ ಬಿದ್ದು ‘ಆಯೀ ಗ’ ಎಂದು ಕೂಗಿದ. ನಾನು ಕಿಟಕಿಯಲ್ಲಿ ನಿಂತು, ಅವನ ತಾಯಿ ಎಲ್ಲಿದ್ದಾಳೆ ಎಂದು ಅತ್ತಿತ್ತ ನೋಡಿದೆ. ಓ ಅನ್ನಬೇಕೆಂದು ನನಗೆ ಹೊಳೆಯಲೇ ಇಲ್ಲ.