ಸಂಜೆಯಾದರೆ ತಿರುಚುವ ಕಾಲು

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನರರೋಗ ತಜ್ಞೆಯಾಗಿ ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ಸೇರಿ ನನಗೆ ಎರಡನೇ ವರ್ಷ ನಡೆಯುತ್ತಿತ್ತು. ಹೊರರೋಗಿಗಳನ್ನು ನೋಡುವುದು ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಮಾತ್ರ. ಬೆಂಚು ಸಾಲದೆ ಜನ ಗೋಡೆಗೆ ಒರಗಿ ನಿಂತಿರುತ್ತಿದ್ದರು. ಫಿಟ್ಸ್, ಲಕ್ವ, ತಲೆನೋವು. ಒಬ್ಬೊಬ್ಬರಿಗೆ ಐದು ನಿಮಿಷ ಕೊಟ್ಟರೆ ಅದೇ ಹೆಚ್ಚು.

ಅಂಥ ಒಂದು ಬೆಳಿಗ್ಗೆ ನಂದಿಗುಡಿಯಿಂದ ಹುಡುಗಿಯೊಬ್ಬಳು ಬಂದಳು. ಹದಿನೇಳು ವರ್ಷ, ಹರಿಹರದ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದಳು. ಜೊತೆಗೆ ಅಪ್ಪ, ಅಜ್ಜಿ. ಅಪ್ಪ ಗುತ್ತೂರಿನ ಹತ್ತಿರ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವರು. ಪಾಳಿ ಮುಗಿಸಿ ಸೀದಾ ಬಂದಿದ್ದರಿಂದ ಕೂತಲ್ಲೇ ತೂಕಡಿಸುತ್ತಿದ್ದರು. ಮಾತೆಲ್ಲ ಅಜ್ಜಿಯದೇ.

"ಸಂಜೆ ಆತು ಅಂದ್ರೆ ಕಾಲು ಸೊಟ್ಟ ಮಾಡ್ತಾಳ್ರಿ ಇವಳು. ಬೆಳಿಗ್ಗೆ ನೋಡ್ರಿ, ಬಸ್ಸಿಗೆ ಕುದುರೆ ಓಡಿದಂಗೆ ಓಡ್ತಾಳೆ. ಕಾಲೇಜಿಗೆ ಹೋಗಾಕೆ ಕಾಲು ಐತೆ, ಮನೆ ಕೆಲ್ಸಕ್ಕೆ ಕಾಲಿಲ್ಲ."

"ನಾನು ಬೇಕಂತ ಮಾಡಲ್ರಿ," ಎಂದಳು ಹುಡುಗಿ, ನೆಲ ನೋಡುತ್ತಾ.

"ಮತ್ತೆ ಒಂದ್ ತಾಸು ಮಲಗಿ ಎದ್ರೆ ಹೆಂಗೆ ಸರಿಹೋಗತೈತೆ?"

ಕಾರಿಡಾರಿನಲ್ಲಿ ಅವಳನ್ನು ನಡೆಸಿ ನೋಡಿದೆ, ನೆಟ್ಟಗೆ ನಡೆದಳು. ಮಂಡಿಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ಕೊಂಚ ಹೆಚ್ಚೇ ಚಿಮ್ಮಿತು. ಅದನ್ನು ಗಮನಿಸಿದೆ, ಬಿಟ್ಟೆ. 'ಮಾನಸಿಕ ಒತ್ತಡ ಇರಬಹುದು, ಮನೋವೈದ್ಯರಿಗೆ ತೋರಿಸಿ' ಎಂದು ಚೀಟಿ ಬರೆದೆ.

"ಅಂದ್ರೆ ಕಾಯಿಲೆ ಇಲ್ಲ ಅಂತಲೇನ್ರಿ?" ಅಪ್ಪ ಕೇಳಿದರು.

"ನರದ್ದೇನೂ ಇಲ್ಲ," ಅಂದೆ.

"ನಾ ಅವತ್ತೇ ಅಂದಿದ್ದೆ," ಎನ್ನುತ್ತಾ ಅಜ್ಜಿ ಎದ್ದರು. ಹುಡುಗಿ ಅವರ ಹಿಂದೆ ಹೋದಳು. ಮುಂದಿನ ಚೀಟಿಯವರನ್ನು ಕರೆದೆ.

ಆ ಮೇಲೆ ಕೆಲವು ತಿಂಗಳಿಗೆ ನನಗೆ ಒಂದು ವರ್ಷದ ಫೆಲೋಶಿಪ್ ಸಿಕ್ಕಿತು. ಕೈಕಾಲು ತಾನಾಗಿ ನಡುಗುವ, ತಿರುಚಿಕೊಳ್ಳುವ, ನಡೆಯುತ್ತಿದ್ದವರು ಕಟ್ಟಿಹಾಕಿದಂತೆ ನಿಂತುಬಿಡುವ ಕಾಯಿಲೆಗಳಿಗೆಂದೇ ಇದ್ದ ವಿಶೇಷ ತರಬೇತಿ. ಊರು ದೂರ, ರೈಲಿನಲ್ಲಿ ಒಂದು ರಾತ್ರಿ, ಒಂದು ಹಗಲು. ಮೂರು ವರ್ಷದ ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಹೊರಟಾಗ ಪಕ್ಕದ ಮನೆಯವರು ಕೇಳಿದ್ದರು, "ಇಷ್ಟು ಓದಿದ್ದು ಸಾಲ್ದೇನ್ರಿ ಡಾಕ್ಟ್ರಮ್ಮ?" ಸಾಲದು ಎಂದು ನನಗೆ ಗೊತ್ತಿತ್ತು. ಎಷ್ಟು ಸಾಲದು ಎಂಬುದು ಮಾತ್ರ ಗೊತ್ತಿರಲಿಲ್ಲ.

ನಮ್ಮ ಗುರುಗಳು ಅರವತ್ತರ ಹತ್ತಿರದವರು, ಮಿತಭಾಷಿ. ಮೊದಲ ತಿಂಗಳು ನಾವು ನಾಲ್ವರು ಫೆಲೋಗಳು ರೋಗಿಯನ್ನು ಮುಟ್ಟುವಂತಿರಲಿಲ್ಲ. ಬಾಗಿಲಿನಿಂದ ಕುರ್ಚಿಯವರೆಗೆ ರೋಗಿ ನಡೆದು ಬರುವುದನ್ನು ಸುಮ್ಮನೆ ನೋಡಬೇಕು, ಕಂಡದ್ದನ್ನು ಹೇಳಬೇಕು. "ಪಾರ್ಕಿನ್ಸನ್" ಎಂದು ಬಾಯಿಬಿಟ್ಟರೆ ಸಾಕು, "ಹೆಸರು ಆಮೇಲೆ. ಬಲಗೈ ಬೀಸುತ್ತಿತ್ತೋ ಇಲ್ಲವೋ, ಅದನ್ನು ಹೇಳಿ," ಎನ್ನುತ್ತಿದ್ದರು. ಒಮ್ಮೆ ಒಬ್ಬ ಮುದುಕ ನಡೆದು ಬಂದು ಕೂತ ಮೇಲೆ, ಅವನ ಯಾವ ಚಪ್ಪಲಿಯ ಅಟ್ಟೆ ಹೆಚ್ಚು ಸವೆದಿದೆ ಎಂದು ಕೇಳಿದ್ದರು. ನಾಲ್ವರಲ್ಲಿ ಒಬ್ಬರೂ ನೋಡಿರಲಿಲ್ಲ. ನಾಚಿಕೆಯಾಯಿತು.

ವಾರಕ್ಕೊಂದು ಮಧ್ಯಾಹ್ನ ವಿಡಿಯೋ ಕ್ಯಾಸೆಟ್ ಹಾಕುತ್ತಿದ್ದರು. ಒಂದು ವಾರ ಪರದೆಯ ಮೇಲೆ ಎಂಟು-ಒಂಬತ್ತು ವರ್ಷದ ಹುಡುಗಿ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಮರುಕ್ಷಣ ಅದೇ ಅಂಗಿ, ಅದೇ ಅಂಗಳ, ನೆರಳು ಮಾತ್ರ ಉದ್ದವಾಗಿತ್ತು. ಹುಡುಗಿ ಪಾದ ಒಳಕ್ಕೆ ತಿರುಚಿ, ಬೆರಳ ತುದಿಯ ಮೇಲೆ ತೂಗಾಡುತ್ತಾ ಗೋಡೆ ಹಿಡಿದು ಬರುತ್ತಿದ್ದಳು. ಗುರುಗಳು ಟೇಪು ನಿಲ್ಲಿಸಿದರು.

"ಮಿದುಳಿನಲ್ಲಿ ಒಂದು ರಾಸಾಯನಿಕ ಸಾಕಷ್ಟು ತಯಾರಾಗುವುದಿಲ್ಲ. ನಿದ್ದೆಯಿಂದ ಎದ್ದಾಗ ಇದ್ದದ್ದು ಸಂಜೆಯ ಹೊತ್ತಿಗೆ ಮುಗಿದುಹೋಗುತ್ತದೆ. ನಡುಕದ ಕಾಯಿಲೆಯ ಮುದುಕರಿಗೆ ಕೊಡುವ ಮಾತ್ರೆಯೇ ಇದಕ್ಕೂ ಮದ್ದು, ಅದೂ ಚೂರೇ ಚೂರು. ಸರಿ, ಇವಳನ್ನು ಬೆಳಿಗ್ಗೆ ಮಾತ್ರ ನೋಡಿದ ಡಾಕ್ಟರು ಏನಂತ ಬರೆದಿರುತ್ತಾರೆ?"

ನನಗೆ ನಂದಿಗುಡಿಯ ಹುಡುಗಿ ನೆನಪಾದಳು.

"ಮಾನಸಿಕ ಅಂತ," ಎಂದೆ.

ಅವರು ನನ್ನತ್ತ ತಿರುಗಿದರು. "ನೀವು ಬರೆದಿದ್ದೀರಾ?"

"ಬರೆದಿದ್ದೇನೆ ಸರ್."

"ಆ ರೋಗಿ ಈಗ ಎಲ್ಲಿದ್ದಾರೆ?"

"ಗೊತ್ತಿಲ್ಲ."

"ಗೊತ್ತು ಮಾಡಿಕೊಳ್ಳಿ," ಎಂದರು. ಬಯ್ಯಲಿಲ್ಲ. ನಾನು ಕೇಳುವ ಮೊದಲೇ ಒಂದು ವಾರ ರಜೆ ಕೊಟ್ಟರು.

ಎಸ್‌ಟಿಡಿ ಬೂತಿನಿಂದ ದಾವಣಗೆರೆಯ ಆಸ್ಪತ್ರೆಗೆ ಫೋನು ಮಾಡಿದೆ. ದಾಖಲೆ ವಿಭಾಗದ ಗುಮಾಸ್ತರು ಹಳೆಯ ಕಟ್ಟುಗಳನ್ನೆಲ್ಲ ಬಿಚ್ಚಿ ಎರಡನೇ ದಿನಕ್ಕೆ ಅವಳ ಹೆಸರು, ಅವಳ ಅಪ್ಪನ ಹೆಸರು ಹುಡುಕಿಕೊಟ್ಟರು. ಊರಿಗೆ ಬಂದು, ಮಗಳನ್ನು ಒಂದು ಹೊತ್ತು ಎತ್ತಿಕೊಂಡು, ಮಧ್ಯಾಹ್ನ ಹರಿಹರದ ಬಸ್ಸು ಹತ್ತಿದೆ. ಅಲ್ಲಿಂದ ನಂದಿಗುಡಿಯ ಬಸ್ಸು. ಬೇಕೆಂದೇ ಸಂಜೆಗೆ ಇಳಿಯುವ ಹಾಗೆ ಹೊರಟಿದ್ದೆ.

ಅಜ್ಜಿ ಕಟ್ಟೆಯ ಮೇಲೆ ಅಕ್ಕಿ ಕೇರುತ್ತಿದ್ದರು. ಗುರುತು ಸಿಕ್ಕಿತು. "ಬರ್ರಿ, ಕೂಡ್ರಿ," ಎಂದು ಚಾಪೆ ಹಾಸಿದರೂ ಮುಖದಲ್ಲಿ ಅನುಮಾನವಿತ್ತು. ಡಾಕ್ಟರು ತಾವಾಗಿ ಮನೆಗೆ ಬರುವುದೆಂದರೆ ಒಳ್ಳೆಯ ಸುದ್ದಿಯಾಗಿರುವುದಿಲ್ಲ. ಅಪ್ಪ ಹಿತ್ತಲಿಂದ ಬಂದು ಕಂಬಕ್ಕೆ ಒರಗಿ ನಿಂತರು.

"ಕಾಲೇಜು ಬಿಡಿಸಿದ್ವಿ," ಎಂದರು. "ಹರಿಹರದ ಬಸ್‌ಸ್ಟ್ಯಾಂಡಿನಾಗೆ ಬಿದ್ಲು. ನಿಂತೋರೆಲ್ಲ ನಕ್ಕರಂತೆ. ಆಮೇಲೆ ಅವಳೇ ಬ್ಯಾಡ ಅಂದ್ಲು."

ಅಷ್ಟರಲ್ಲಿ ಹುಡುಗಿ ನನಗೆ ನೀರು ತೆಗೆದುಕೊಂಡು ಒಳಗಿನಿಂದ ಬಂದಳು. ಕಲಿಸಿದ್ದ ಹಾಗೆ ಸುಮ್ಮನೆ ನೋಡಿದೆ. ಬಲಪಾದ ಒಳಕ್ಕೆ ತಿರುಗಿತ್ತು, ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಒಂದು ಕೈ ಗೋಡೆಯ ಮೇಲೆ. ಇನ್ನೊಂದು ಕೈಯ ತಂಬಿಗೆಯಿಂದ ನೀರು ದಾರಿಯುದ್ದಕ್ಕೂ ಚೆಲ್ಲುತ್ತಿತ್ತು. ಅದು ನಟನೆಯಾಗಿದ್ದರೆ ಅಷ್ಟು ಕಷ್ಟಪಟ್ಟು ನೀರು ಉಳಿಸಲು ಅವಳು ನೋಡುತ್ತಿರಲಿಲ್ಲ.

"ಇದು ಕಾಯಿಲೆ," ಅಂದೆ. "ಅವತ್ತು ನಾನು ಬೆಳಿಗ್ಗೆ ಮಾತ್ರ ನೋಡಿದೆ, ಗೊತ್ತಾಗಲಿಲ್ಲ. ತಪ್ಪು ನನ್ನದು. ಅವಳು ಬೇಕಂತ ಮಾಡುತ್ತಿಲ್ಲ."

ಅಪ್ಪನಿಗೆ ಸಿಟ್ಟು ಬಂತು, ಬರಬೇಕಾದದ್ದೇ. "ಒಂದು ವರ್ಷದ ಮೇಲಾತಲ್ರಿ ಮೇಡಂ. ನಾವು ಎಷ್ಟು ಬೈದ್ವಿ ಅವಳಿಗೆ," ಎಂದವರು ಬೀದಿಯ ಕಡೆ ಮುಖ ತಿರುಗಿಸಿದರು.

ಹುಡುಗಿ ಅಳಲಿಲ್ಲ. ತಂಬಿಗೆ ಕೆಳಗಿಟ್ಟು, "ಈಗ ಹೇಳಿದ್ದನ್ನ ಬರ್ದು ಕೊಡ್ರಿ. ಅವತ್ತಿಂದೂ ಬರ್ದು ಕೊಟ್ಟಿದ್ರಲ್ಲ," ಎಂದಳು.

ಬರೆದುಕೊಟ್ಟೆ, ಕನ್ನಡದಲ್ಲಿ, ಸಹಿ ಹಾಕಿ. ಅಪ್ಪ ಗಟ್ಟಿಯಾಗಿ ಓದಿದರು. ಓದು ಬಾರದ ಅಜ್ಜಿ, "ಇನ್ನೊಂದ್ ಸಲ ಓದು," ಎಂದು ಮತ್ತೆ ಕೇಳಿಸಿಕೊಂಡರು.

ಮರುದಿನ ದಾವಣಗೆರೆಗೆ ಕರೆಸಿ, ಬೇರೆ ಕಾಯಿಲೆಗಳಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಕಣ್ಣು, ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿಸಿದೆ. ಫೋನಿನಲ್ಲಿ ಗುರುಗಳನ್ನು ಕೇಳಿದೆ. ಅರ್ಧ ಮಾತ್ರೆಯಿಂದ ಶುರು ಮಾಡಿ ಎಂದರು. ರಜೆ ಮುಗಿದಿತ್ತು. ಹಾಸ್ಟೆಲಿನ ಫೋನ್ ನಂಬರು ಕೊಟ್ಟು, ಹಿರಿಯ ಸಹೋದ್ಯೋಗಿಯ ಕೈಗೆ ಅವಳನ್ನು ಒಪ್ಪಿಸಿ ರೈಲು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಹೆದರಿಕೆ: ಈ ಸಲವೂ ತಪ್ಪಿದ್ದರೆ?

ಐದನೇ ದಿನ ಹಾಸ್ಟೆಲಿಗೆ ಫೋನು ಬಂತು. ಹರಿಹರದಿಂದ, ಅವಳ ಅಪ್ಪ.

"ಮೇಡಂ, ಸಂಜೆ ಆರು ಗಂಟೆ ಆಗೈತ್ರಿ. ಬೂತಿನ ಮುಂದೇನೇ ಅಡ್ಡಾಡ್ತಾ ಇದಾಳ್ರಿ. ಗಾಜಿನಾಗೆ ಕಾಣಿಸ್ತೈತೆ. ಸಾಕು ಕೂಡೆ ಅಂದ್ರೆ ಕೂಡವಲ್ಲಳು."

ನಾನು ಏನು ಹೇಳಿದೆನೋ ನೆನಪಿಲ್ಲ. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಅತ್ತದ್ದು ನೆನಪಿದೆ. ಸಂತೋಷಕ್ಕೆ ಅರ್ಧ, ಉಳಿದರ್ಧ, ಅವಳು ಕಳೆದುಕೊಂಡ ಆ ಒಂದು ವರ್ಷಕ್ಕೆ.

ತರಬೇತಿ ಮುಗಿಸಿ ಬಂದ ಮೇಲೆ ವಾರಕ್ಕೆರಡು ದಿನ ಸಂಜೆಯೂ ರೋಗಿಗಳನ್ನು ನೋಡಲು ಶುರು ಮಾಡಿದೆ. ಹುಡುಗಿ ಮತ್ತೆ ಪಿಯುಸಿಗೆ ಕಟ್ಟಿ ಪಾಸಾದಳು, ಡಿಗ್ರಿಗೂ ಸೇರಿದಳು. ಒಂದು ಸಲ ತೋರಿಸಲು ಬಂದಾಗ ಅಜ್ಜಿಯ ವಿಷಯ ಕೇಳಿದೆ.

"ತಪ್ಪಾತು ಅಂತ ಒಂದಿನಾನೂ ಅಂದಿಲ್ರಿ," ಎಂದು ನಕ್ಕಳು. "ಆದ್ರೆ ಮಾತ್ರೆ ಡಬ್ಬಿ ಅವ್ರ ಎಲೆ ಅಡಿಕೆ ಸಂಚಿನಾಗೇ ಐತೆ. ಹೊತ್ತಿಗೆ ಸರಿಯಾಗಿ ಅವ್ರೇ ಕೊಡಬೇಕು. ನಾನು ಕೈ ಹಾಕಿದ್ರೆ ಬೈತಾರೆ."