ಒರಳಿನ ಪಕ್ಕದ ಮಾತು

ಬೆಳಕು ಹರಿಯುವ ಹೊತ್ತಿಗೆ ನಮ್ಮ ಬೀದಿಯ ಮೂಲೆಯಿಂದ ಟೊಕ್, ಟೊಕ್ ಎಂದು ಸದ್ದು ಬರುತ್ತದೆ. ಮರದ ಒರಳಿನಲ್ಲಿ ಹಸಿ ಬೇರು ಜಜ್ಜುವ ಸದ್ದು. ಪರಾಗ್ವೆಯ ಈ ಕೆಂಪುಮಣ್ಣಿನ ಊರಿನಲ್ಲಿ ತೆರೆರೆ ಎಂಬ ತಣ್ಣನೆಯ ಎಲೆಪಾನೀಯ ಕುಡಿಯದೆ ಯಾರೂ ಕೆಲಸಕ್ಕೆ ಹೊರಡುವುದಿಲ್ಲ. ಅದರ ನೀರಿಗೆ ಬೇಕಾದ ಪುದೀನ, ಬೇರು, ಸೊಪ್ಪುಗಳನ್ನು ಜಜ್ಜಿ ಕೊಡುವವಳು ಞಾ ದೆಯೊಲಿಂದಾ. ಹಿರಿಯ ಹೆಂಗಸನ್ನು ನಾವು ಬರೀ ಹೆಸರು ಹಿಡಿದು ಕರೆಯುವುದಿಲ್ಲ, ಮುಂದೊಂದು 'ಞಾ' ಇರಲೇಬೇಕು.

ಅವಳದು ದೊಡ್ಡ ದನಿ. ಜೀವಮಾನವೆಲ್ಲ ಒನಕೆಯ ಸದ್ದನ್ನು ಮೀರಿ ಮಾತಾಡಿದವಳ ದನಿ.

"ಉರಿ ಅಂದ್ಯಲ್ಲ ಕ್ರಿಸ್ಪಿನ್, ಹೊಟ್ಟೆ ಉರೀನಾ, ಹೆಂಡ್ತಿ ಉರೀನಾ? ಸರಿಯಾಗಿ ಹೇಳು, ಎರಡಕ್ಕೂ ಸೊಪ್ಪು ಬೇರೆ."

"ಹೆಂಡ್ತಿಗೆ ಸೊಪ್ಪಿದ್ರೆ ಇಡೀ ಬುಟ್ಟಿ ತಗೊಂಡೋಗ್ತಿದ್ದೆ, ಞಾ."

ಅವಳ ಮಡಿಲಲ್ಲಿ ಮೊಮ್ಮಗಳು ಸುನಿಲ್ದಾ ಕೂತಿರುತ್ತಿದ್ದಳು. ನಾಲ್ಕು ತುಂಬುತ್ತಿದ್ದರೂ ಅವಳಾಡುವ ಮಾತು ನಮಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಯಿತುಂಬ ಹತ್ತಿ ಇಟ್ಟುಕೊಂಡು ಆಡಿದಂತೆ. ತಿಳಿಯುತ್ತಿದ್ದುದು ಅಜ್ಜಿಗೆ ಮಾತ್ರ. ಒಂದೊಂದು ಎಲೆ ಎತ್ತಿದಾಗಲೂ ಅವಳು ಮಗುವಿನ ಕೆನ್ನೆಗೆ ಕೆನ್ನೆ ಒತ್ತಿ, ಕಿವಿಯೊಳಗೇ ನಮ್ಮ ಮನೆಮಾತು ಗುವರಾನಿಯಲ್ಲಿ ಅದರ ಹೆಸರು ಕೂಗುತ್ತಿದ್ದಳು. ಮಗು ಏನೋ ಒಂದನ್ನು ತಿರುಗಿ ಹೇಳುತ್ತಿತ್ತು. ಇಬ್ಬರೂ ನಗುತ್ತಿದ್ದರು.

ಮಗುವಿನ ತಾಯಿ ನಿಮಿಯಾ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಶಿಶುವಿಹಾರಕ್ಕೆ ಹೆಸರು ಬರೆಸಲು ಹೋದಾಗ ಟೀಚರು, "ಇವಳು ನೀರು ಕೇಳಿದ್ರೂ ನಂಗೆ ಗೊತ್ತಾಗಲ್ಲ. ಮಾತು ಸರಿಮಾಡಿಸ್ಕೊಂಡು ಬಾ, ಮುಂದಿನ ವರ್ಷ ಸೇರಿಸ್ಕೊಳ್ತೀನಿ," ಎಂದು ಕಳಿಸಿದರು.

ಜಿಲ್ಲಾ ಆಸ್ಪತ್ರೆಯಲ್ಲಿ ಮಾತು ತಿದ್ದುವವರು ಇದ್ದದ್ದು ಒಬ್ಬರೇ. ಸರದಿ ಬರುವಷ್ಟರಲ್ಲಿ ಮಾವಿನ ಕಾಲ ಮುಗಿದಿತ್ತು. ಅಜ್ಜಿ ಚರ್ಚಿಗೆ ಉಡುವ ಬಟ್ಟೆಗೆ ಇಸ್ತ್ರಿ ಹಾಕಿಕೊಂಡು ಹೋದಳು. ಡಾಕ್ಟರಮ್ಮ ಕೋಳಿಯ ಚಿತ್ರ ತೋರಿಸಿದರು, ಮಗು ಏನೋ ಅಂದಿತು.

"ಕೋಳಿ ಅಂದ್ಲು!" ಎಂದಳು ಅಜ್ಜಿ.

"ನೀವು ಸುಮ್ನಿರಿ. ಮನೇಲಿ ಯಾವ ಭಾಷೆ ಆಡ್ತೀರಿ?"

"ಗುವರಾನಿ. ಇನ್ಯಾವುದು?"

"ಅದೇ ನೋಡಿ. ಮನೇಲೊಂದು ಭಾಷೆ, ಹೊರಗೊಂದು. ಮಗು ತಲೆ ಕಲಸಿಹೋಗಿದೆ. ಇವತ್ತಿಂದ ಬರೀ ಸ್ಪ್ಯಾನಿಶ್ ಕಿವಿಗೆ ಬೀಳಲಿ."

ಅಜ್ಜಿಗೆ ಬರುವ ಸ್ಪ್ಯಾನಿಶ್ ಎಂದರೆ ಸೊಪ್ಪಿನ ಬೆಲೆ ಮತ್ತು ಪ್ರಾರ್ಥನೆ. ತಿರುಗಿ ಬರುವ ಬಸ್ಸಿನಲ್ಲಿ ಅವಳೇ ಕೇಳಿದಳು: "ನಾನೇನ್ ಮಾಡ್ಲಿ ನಿಮಿಯಾ?"

"ಸ್ವಲ್ಪ ದಿನ ಸುಮ್ನಿದ್ದುಬಿಡಮ್ಮ. ಅವಳ ಒಳ್ಳೇದಕ್ಕೆ."

ಅವಳು ಸುಮ್ಮನಾದಳು. ಚಿಕ್ಕವಳಿದ್ದಾಗ ಶಾಲೆಯಲ್ಲಿ ಗುವರಾನಿ ಆಡಿದ್ದಕ್ಕೆ ಜೋಳದ ಕಾಳಿನ ಮೇಲೆ ಮೊಣಕಾಲೂರಿ ನಿಂತವಳು ಅವಳು. ಆಗಲೂ ತಪ್ಪು ತನ್ನದೇ ಎಂದುಕೊಂಡಿದ್ದಳು.

ಮಗು ಮಡಿಲಿಗೆ ಬಂದಾಗ ಅಜ್ಜಿ ತನ್ನ ಬಾಯಿಗೆ ಅಂಗೈ ಅಡ್ಡ ಹಿಡಿದು ತಲೆಯಾಡಿಸುತ್ತಿದ್ದಳು. ಮೊದಮೊದಲು ಮಗುವಿಗೆ ಅದೊಂದು ಆಟ. ಆಮೇಲೆ ಅದು ಅಜ್ಜಿಯ ಕೈ ಕಿತ್ತು, ತುಟಿಗಳನ್ನು ಬೆರಳಿನಿಂದ ಬಿಡಿಸಿ ಒಳಗೆ ಇಣುಕುತ್ತಿತ್ತು. ಅಜ್ಜಿ ಮುಖ ಆಚೆ ತಿರುಗಿಸಿ ಜೋರಾಗಿ ಕುಟ್ಟುತ್ತಿದ್ದಳು. ಸ್ಪ್ಯಾನಿಶ್ ಕಿವಿಗೆ ಬೀಳಲೆಂದು ನಿಮಿಯಾ ದಿನವಿಡೀ ಟಿವಿ ಹಚ್ಚಿಡುತ್ತಿದ್ದಳು. ಮಗು ಅದರ ಮುಂದೆ ಕೂತು ಬಣ್ಣ ನೋಡುತ್ತಿತ್ತು.

"ಏನ್ ಞಾ, ನಾಲಿಗೆಗೆ ಚೇಳು ಕಚ್ತಾ?" ಎಂದು ಕ್ರಿಸ್ಪಿನ್ ಕೆಣಕಿದ. ಅವಳು ಸೊಪ್ಪಿನ ಕಟ್ಟನ್ನು ಅವನ ಎದೆಗೆ ಎಸೆದಳು, ಮಾತಾಡಲಿಲ್ಲ. ಮಗು ಪಕ್ಕದಲ್ಲಿತ್ತು.

ಚಳಿಗಾಲ ಬರುವ ಹೊತ್ತಿಗೆ ಸುನಿಲ್ದಾ ಆ ತೊದಲನ್ನೂ ಬಿಟ್ಟಳು. ಬೇಕಾದ್ದನ್ನು ಬೆರಳಿಂದ ತೋರಿಸುವಳು, ಸಿಗದಿದ್ದರೆ ಗೋಡೆಗೆ ತಲೆ ಚಚ್ಚಿಕೊಳ್ಳುವಳು.

ಮತ್ತೆ ಸರದಿ ಬಂದಾಗ ಆ ಡಾಕ್ಟರಮ್ಮ ಇರಲಿಲ್ಲ, ವರ್ಗವಾಗಿ ಹೋಗಿದ್ದರು. ಅವರ ಕುರ್ಚಿಯಲ್ಲಿ ಹೊಸ ಹುಡುಗನೊಬ್ಬ ಇದ್ದ. ಅವನು ಮಗುವಿನ ಬೆನ್ನ ಹಿಂದೆ ಹೋಗಿ ಹೆಸರು ಕರೆದ. ಮಗು ತಿರುಗಲಿಲ್ಲ. ಚಪ್ಪಾಳೆ ತಟ್ಟಿದ. ತಿರುಗಲಿಲ್ಲ.

"ಕಿವಿ ತೋರಿಸಿದ್ರಾ?"

ನಿಮಿಯಾ ಅಜ್ಜಿಯ ಮುಖ ನೋಡಿದಳು. ಕಿವಿಯ ಮಾತನ್ನು ಯಾರೂ ಎತ್ತಿರಲಿಲ್ಲ.

ಪರೀಕ್ಷೆ ಮಾಡಿಸಿದರೆ ಎರಡು ಕಿವಿಯೊಳಗೂ ನೀರು ಕಟ್ಟಿಕೊಂಡಿತ್ತು. ಮಗುವಿಗೆ ಜಗತ್ತು ಗೋಡೆಯಾಚೆಯ ಗುಸುಗುಸುವಿನಂತೆ ಕೇಳುತ್ತಿರಬೇಕು ಎಂದ ಹುಡುಗ. "ಹತ್ತಿರ ಬಂದು ಗಟ್ಟಿಯಾಗಿ ಮಾತಾಡಿದ್ರೆ ಮಾತ್ರ ಕೇಳಿರುತ್ತೆ. ಮನೇಲಿ ಹಾಗೆ ಮಾತಾಡೋರು ಯಾರಾದ್ರೂ ಇದ್ರಾ?"

ಅಜ್ಜಿ ತನ್ನ ಅಂಗೈ ನೋಡಿಕೊಂಡಳು.

"ಭಾಷೆಯಿಂದ ಅಲ್ವಾ ಹಾಗಾದ್ರೆ?" ನಿಮಿಯಾ ಕೇಳಿದಳು.

"ಭಾಷೆಗೂ ಇದಕ್ಕೂ ಏನ್ ಸಂಬಂಧ? ನಿಮಗೆ ಬರೋ ಭಾಷೇಲಿ ಎಷ್ಟು ಬೇಕಾದ್ರೂ ಆಡಿ."

ನೀರು ಬಸಿಯಲು ಕಿವಿಗೆ ಪುಟ್ಟ ನಳಿಕೆ ಹಾಕಿದರು. ಮನೆಗೆ ಬಂದ ಮೊದಲ ಬೆಳಗ್ಗೆ ಒನಕೆ ಬಿದ್ದ ಸದ್ದಿಗೆ ಮಗು ಬೆಚ್ಚಿ ಎದ್ದಿತು. ಟಿವಿಯೊಳಗಿನ ಮಾತು ಈಗ ಅದಕ್ಕೆ ಕೇಳತೊಡಗಿತು. ಮಳೆ ಶುರುವಾಗುವ ಹೊತ್ತಿಗೆ ಅದು ಟಿವಿಯವರ ಹಾಗೆಯೇ ರಾಗವೆಳೆದು ಸ್ಪ್ಯಾನಿಶ್‌ನಲ್ಲಿ ಒಂದೊಂದು ಪದ ಹೇಳುತ್ತಿತ್ತು. ಅಜ್ಜಿ ಮಾತ್ರ ಅದರೆದುರು ಇನ್ನೂ ಬಾಯಿ ತೆರೆದಿರಲಿಲ್ಲ. ರೂಢಿ ಬಿಟ್ಟುಹೋಗಿತ್ತೋ, ಹೆದರಿಕೆಯೋ.

ಕೊನೆಗೊಂದು ಬೆಳಗ್ಗೆ ಅವರ ಅಂಗಳದಲ್ಲಿ ತೆರೆರೆಯ ಲೋಟ ಕೈಯಿಂದ ಕೈಗೆ ಸುತ್ತುತ್ತಿದ್ದಾಗ ನಿಮಿಯಾ ಎಂದಳು: "ಆಡಮ್ಮ. ನಿಂಗೆ ಯಾರು ಬೇಡ ಅಂದ್ರು ಈಗ? ಗುವರಾನೀಲೇ ಆಡು."

ಅಜ್ಜಿ ಒನಕೆ ಪಕ್ಕಕ್ಕಿಟ್ಟಳು. ಮಗುವನ್ನು ಮಡಿಲಿಗೆ ಎಳೆದುಕೊಂಡು, ಪುದೀನದ ಕಡ್ಡಿ ಎತ್ತಿ, ಕೆನ್ನೆಗೆ ಕೆನ್ನೆ ಒತ್ತಿ, ಹಳೆಯ ದನಿಯಲ್ಲಿ ಅದರ ಹೆಸರು ಕೂಗಿದಳು.

ಸುನಿಲ್ದಾ ಹಿಂದೆ ಸರಿದಳು. ಪುಟ್ಟ ಅಂಗೈಯನ್ನು ಅಜ್ಜಿಯ ಬಾಯಿಗೆ ಒತ್ತಿ ಹಿಡಿದು, ಅಜ್ಜಿ ಮಾಡುತ್ತಿದ್ದ ಹಾಗೆಯೇ ತಲೆಯಾಡಿಸಿದಳು. "ಅಜ್ಜಿ, ಬೇಡ," ಎಂದಳು, ಸ್ಪ್ಯಾನಿಶ್‌ನಲ್ಲಿ. ಅಷ್ಟು ಸ್ಪಷ್ಟವಾಗಿ ಅವಳು ಏನನ್ನಾದರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ನಿಮಿಯಾ ಚಪ್ಪಾಳೆ ತಟ್ಟಿದಳು. "ಎರಡು ಮಾತು ಸೇರಿಸಿ ಹೇಳಿದ್ಲು! ಕೇಳ್ತಾ, ಅಮ್ಮ?"

ಅಜ್ಜಿ ಮಗುವಿನ ಕೈಯನ್ನು ಮೆಲ್ಲಗೆ ಇಳಿಸಿ ಎದ್ದಳು. ಒರಳನ್ನು ಸೊಂಟಕ್ಕೇರಿಸಿಕೊಂಡಳು.

"ಕೇಳ್ತು. ಚೆನ್ನಾಗಿ ಕೇಳ್ತು. ಮುಂದೆ ಯಾವಾಗಾದ್ರೂ ಇವಳು ಕೇಳಿದ್ರೆ ಹೇಳು ನಿಮಿಯಾ, ನಿಮ್ಮಜ್ಜಿ ಮೂಗಿ ಅಲ್ಲ, ಅವಳಿಗೂ ಒಂದು ಕಾಲದಲ್ಲಿ..." ಎನ್ನುತ್ತಲೇ ಅವಳು ಗೇಟು ದಾಟಿ ಮೂಲೆಯ ಕಡೆ ನಡೆದುಬಿಟ್ಟಳು.